ತಾಮ್ರ ಮುಟ್ಟಿದ ನೀರು

ಬೀದಿಯಲ್ಲಿ ಅವನನ್ನು ಎಲ್ಲರೂ ವೈಂಡಿಂಗ್ ಅಣ್ಣ ಎಂದೇ ಕರೆಯುತ್ತಿದ್ದರು. ಮೋಟಾರು, ಪಂಪು, ಫ್ಯಾನು, ಸುಟ್ಟುಹೋದದ್ದು ಏನೇ ಬರಲಿ, ಒಳಗಿನ ಕರಕಲು ತಂತಿಯನ್ನು ಕಿತ್ತು ತೆಗೆಸಿ, ಹೊಸ ತಾಮ್ರದ ತಂತಿ ಸುತ್ತಿ, ಓಡುವಂತೆ ಮಾಡಿ ಕಳಿಸುತ್ತಿದ್ದ. ಅಂಗಡಿಗೆ ಬಂದ ಮೋಟಾರು ಗುಜರಿಗೆ ಹೋಗಬಾರದು ಎನ್ನುವುದು ಅವನ ಹಟ. ಅವನ ತಮ್ಮನಿಗೆ ಚಿಕ್ಕೋನು ಎಂಬ ಹೆಸರು. ಚಿಕ್ಕೋನಿಗೆ ತಲೆ ಅರ್ಧಕ್ಕರ್ಧ ನರೆತಿತ್ತು, ಸಣ್ಣ ತಂತಿ ನೋಡಲು ಕನ್ನಡಕ ಬೇಕಾಗುತ್ತಿತ್ತು. ಆದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಕೆಲಸದಲ್ಲೂ ಅವನು ಚಿಕ್ಕೋನೇ. ಹಳೆಯ ತಂತಿ ಕೀಳುವುದು, ಸುತ್ತಿದ ಕಾಯಿಲ್‌ಗೆ ವಾರ್ನಿಷ್ ಹಾಕಿ ಒಣಗಿಸುವುದು, ಮೋಟಾರನ್ನು ಮತ್ತೆ ಜೋಡಿಸಿ ಗಿರಾಕಿಗೆ ಮುಟ್ಟಿಸುವುದು ಅವನ ಪಾಲು. ಸುತ್ತುವುದು ಮಾತ್ರ ಅಣ್ಣನದು. ಅಣ್ಣ ಯಾವುದನ್ನೂ ಬಾಯಿಬಿಟ್ಟು ಹೇಳಿಕೊಡುವವನಲ್ಲ. ಇಲ್ಲಿ ತಂತಿ ಯಾಕೆ ದಪ್ಪ, ಅಲ್ಲಿ ಯಾಕೆ ಸಣ್ಣ ಎಂದು ಕೇಳಿದರೆ, ತಲೆಯೆತ್ತದೆ, "ಕೇಳ್ಬೇಡ ಕಣೋ, ಕೈ ನೋಡು," ಎನ್ನುತ್ತಿದ್ದ. ಚಿಕ್ಕೋನು ವರ್ಷಗಟ್ಟಲೆ ಆ ಕೈಯನ್ನು ನೋಡಿದ. ಆಗಾಗ ಅಣ್ಣ ಊಟಕ್ಕೆ ಒಳಗೆ ಹೋದಾಗ ಹಳೆಯ ಕಾಯಿಲೊಂದನ್ನು ತಾನೇ ಸುತ್ತಿ ನೋಡಿ, ಅವನು ಬರುವಷ್ಟರಲ್ಲಿ ಬಿಚ್ಚಿ ಹಾಕುತ್ತಿದ್ದ. ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ಕೇಳುವ ಧೈರ್ಯ ಅವನಿಗೆ ಒಂದು ದಿನವೂ ಬರಲಿಲ್ಲ.

ಆ ಮನೆಗೆ ಮೀನುಗಳು ಬಂದದ್ದೂ ಒಂದು ಪಂಪಿನಿಂದಲೇ. ಪಕ್ಕದ ಬೀದಿಯ ಮಹಡಿಯ ಮೇಲೆ ಸಾಕುವ ಮೀನು ಮಾರುವವನೊಬ್ಬನಿದ್ದ. ಅವನ ಗಾಳಿ ಪಂಪು ರಿಪೇರಿಗೆ ಬಂದಿತ್ತು. ಅವತ್ತು ಅದನ್ನು ಕೊಟ್ಟುಬರಲು ಅಣ್ಣನೇ ಹೋದ. ಹೋದವನು ಮಧ್ಯಾಹ್ನ ಊಟದ ಹೊತ್ತು ಕಳೆದರೂ ಬರಲಿಲ್ಲ. ಕೊನೆಗೆ ಬಂದವನು ಅಲ್ಲಿ ಕಂಡ ಮೀನುಗಳ ಗುಂಗಿನಲ್ಲೇ ಇದ್ದ. ಮುಂದಿನ ತಿಂಗಳು ಅಂಗಡಿಗೂ ಅಡುಗೆಮನೆಗೂ ನಡುವಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಮೇಜಿನಷ್ಟೇ ಅಗಲದ ಒಂದು ಗಾಜಿನ ತೊಟ್ಟಿ ಬಂದು ಕೂತಿತು. ಅದರಲ್ಲಿ ಉಪ್ಪು ನೀರು, ಮರಳು, ತೂತು ತೂತಾದ ಕಲ್ಲು, ಕಿತ್ತಳೆ ಮೈಗೆ ಬಿಳಿ ಪಟ್ಟಿ ಬಳಿದಂತಿದ್ದ ಐದು ಕ್ಲೌನ್ ಮೀನು. ಜೊತೆಗೆ, ಕಲ್ಲಿಗೆ ಅಂಟಿಕೊಂಡು ನೂರಾರು ಬೆರಳು ಆಡಿಸುವ ಎರಡು ಜೀವ. ಮೀನಿನ ಅಂಗಡಿಯವನು ಅದನ್ನು ಅನಿಮೋನ್ ಎಂದ. ಮನೆಯಲ್ಲಿ ಅದು ಕಡಲ ಹೂವಾಯಿತು.

"ಹೂವು ಅಂದ್ರೆ ಗಿಡದ್ದಲ್ಲ. ಅದೂ ಒಂದು ಪ್ರಾಣಿನೇ. ಬೇರೆ ಮೀನು ಮುಟ್ಟಿದ್ರೆ ಕುಟುಕಿ ಸಾಯಿಸುತ್ತೆ. ಇವಕ್ಕೆ ಮಾತ್ರ ಅದೇ ಮನೆ," ಎಂದು ಅಣ್ಣ ಹೇಳಿದಾಗ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಗಂಡ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿ ಬಹಳ ಕಾಲವಾಗಿತ್ತು.

"ಇದರಲ್ಲಿ ಗಂಡ ಯಾರು, ಹೆಂಡ್ತಿ ಯಾರು?" ಎಂದು ಕೇಳಿದಳು.

"ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದರ ಮಾತೇ ಮಾತು. ಎರಡನೇದು ಗಂಡು. ಮಿಕ್ಕಿದ್ದು ಎರಡೂ ಅಲ್ಲ, ಬೆಳೆಯೋದೂ ಇಲ್ಲ. ಬೆಳೆದ್ರೆ ದೊಡ್ಡವು ಕಚ್ಚಿ ಓಡಿಸ್ತವೆ."

"ಸರಿ ಬಿಡಿ, ಮನೆ ಕಥೆನೇ ಇದು. ಆ ಮೂಲೇಲಿ ಮುದುರಿಕೊಂಡಿದೆಯಲ್ಲ, ಅದು ನಮ್ಮ ಚಿಕ್ಕೋನು."

ಚಿಕ್ಕೋನು ನಕ್ಕ. ಅಣ್ಣನೂ ನಕ್ಕ. ಆ ಮನೆಯಲ್ಲಿ ಮಕ್ಕಳಿರಲಿಲ್ಲ. ಚಿಕ್ಕೋನು ಮದುವೆಯಾಗಿರಲಿಲ್ಲ. ಸಂಜೆಯಾದರೆ ಮೂವರೂ ತೊಟ್ಟಿಯ ಮುಂದೆ ಕೂರುವುದು ಅಭ್ಯಾಸವಾಯಿತು. ಕಾಣದ ಕಡಲು ಮನೆಯೊಳಗೆ ಬಂದಿದೆ ಎಂದು ಅತ್ತಿಗೆ ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡಳು. ಗಂಡನ ಮುಂದೆ ಮಾತ್ರ, "ನನ್ನ ಹತ್ರ ಆಡಿದ ಮಾತಿಗಿಂತ ಮೀನಿನ ಹತ್ರ ಆಡಿದ್ದೇ ಜಾಸ್ತಿ," ಎಂದು ಮೂಗು ಮುರಿಯುತ್ತಿದ್ದಳು.

ಅಣ್ಣನ ಒಂದು ನೇಮ ಮಾತ್ರ ಇಬ್ಬರಿಗೂ ತಮಾಷೆಯಾಗಿ ಕಾಣುತ್ತಿತ್ತು. ಅಂಗಡಿಯಿಂದ ಒಳಗೆ ಬಂದರೆ, ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿ, ಉಗುರ ಸಂದಿಗೆ ಬ್ರಷ್ ಹಾಕಿ, ಅಂಗಿ ಬದಲಿಸಿದ ಮೇಲೆಯೇ ತೊಟ್ಟಿಯ ಮುಚ್ಚಳ ತೆಗೆಯುತ್ತಿದ್ದ. ಚಿಕ್ಕೋನು ಮುಚ್ಚಳದ ಹತ್ತಿರ ಕೈ ತಂದರೆ, "ತೆಗಿ ಕೈ," ಎಂದು ಗದರುತ್ತಿದ್ದ. ಯಾಕೆಂದು ಇವನು ಕೇಳಲಿಲ್ಲ, ಅವನು ಹೇಳಲಿಲ್ಲ. ಅಣ್ಣನಿಗೆ ಮೀನಿನ ಮೇಲೆ ಅಷ್ಟು ಮಡಿ ಎಂದುಕೊಂಡ ಚಿಕ್ಕೋನು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದ ಅಣ್ಣ ಗೋಡೆಗೆ ಜಾರಿಕೊಂಡು ಕುಸಿದ. ಲಕ್ವ ಹೊಡೆದಿತ್ತು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಕಿವಿ ಕೇಳುತ್ತಿತ್ತು, ಅರ್ಥವೂ ಆಗುತ್ತಿತ್ತು. ಬಾಯಿ ತೆರೆದರೆ ಮಾತ್ರ ಗಂಟಲಲ್ಲಿ ಏನೋ ತಡೆದಂಥ ಒಂದು ಸದ್ದು. ನುಂಗುವುದೂ ಕಷ್ಟ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರ ಅತ್ತಿಗೆ ಚಮಚ ಹಿಡಿದು ಎಷ್ಟು ಗೋಗರೆದರೂ ಅವನು ಹಲ್ಲು ಬಿಗಿಹಿಡಿದು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ.

"ಹೀಗೇ ಆದ್ರೆ ಉಳಿಯಲ್ಲ ಕಣಪ್ಪ," ಎಂದಳು ಅತ್ತಿಗೆ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಆಗ ಅವನ ಕುರ್ಚಿಯನ್ನು ತೊಟ್ಟಿಯ ಮುಂದೆ ಹಾಕಿದ್ದು ಚಿಕ್ಕೋನು. ತಾನೇ ಮೊಣಕೈವರೆಗೆ ಕೈ ತೊಳೆದು, ಅಣ್ಣ ಮಾಡುತ್ತಿದ್ದಂತೆಯೇ ಅಂಗಿ ಬದಲಿಸಿ, ಮೀನಿಗೆ ಊಟ ಹಾಕಿದ. ದೊಡ್ಡ ಮೀನು ಒಂದು ತುಣುಕನ್ನು ಬಾಯಲ್ಲಿ ಹಿಡಿದು ಹೂವಿನ ನಡುವೆ ತಂದು ತುರುಕಿತು. ಅಣ್ಣ ಅದನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಬಾಯಿ ತಾನಾಗಿಯೇ ಸಡಿಲವಾಯಿತು. ಅತ್ತಿಗೆ ತಡಮಾಡದೆ ಚಮಚ ಇಟ್ಟಳು. ನುಂಗಿದ.

ಅಂದಿನಿಂದ ಅದೇ ಕ್ರಮ. ಅಣ್ಣ ಊಟ ಮಾಡುತ್ತಿದ್ದುದು ತೊಟ್ಟಿಯ ಮುಂದೆ ಮಾತ್ರ. ಬೇರೆ ಎಲ್ಲಿ ಕೂರಿಸಿದರೂ ಬಾಯಿ ತೆರೆಯುತ್ತಿರಲಿಲ್ಲ. ಆ ಐದು ಮೀನು, ಎರಡು ಹೂವು ಎಷ್ಟು ದಿನ ಚೆನ್ನಾಗಿರುತ್ತವೋ ಅಣ್ಣನೂ ಅಷ್ಟು ದಿನ ಎಂಬ ಲೆಕ್ಕ ಚಿಕ್ಕೋನ ಮನಸ್ಸಿನಲ್ಲಿ ಕೂತುಬಿಟ್ಟಿತು. ಕಣ್ಣಲ್ಲಿ ಕಣ್ಣಿಟ್ಟು ತೊಟ್ಟಿಯನ್ನು ಕಾದ.

ಹೀಗಿರುವಾಗ ಒಂದು ಮಧ್ಯಾಹ್ನ, ತೊಟ್ಟಿಯೊಳಗೆ ನೀರು ತಿರುಗಿಸುವ ಪುಟ್ಟ ಮೋಟಾರು ನಿಂತಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಅಡಾಪ್ಟರ್ ಮೇಲೆ ಓಡುವಂಥದ್ದು. ನೀರು ಆಡದಿದ್ದರೆ ಹೂವು ಬಾಳುವುದಿಲ್ಲ ಎನ್ನುವಷ್ಟು ಅವನಿಗೂ ಗೊತ್ತಿತ್ತು. ಮೀನಿನ ಅಂಗಡಿಯವನ ಬಳಿ ಆ ಅಳತೆಯದು ಇರಲಿಲ್ಲ, ತರಿಸಲು ಒಂದು ವಾರ ಬೇಕೆಂದ. ಮನೆಗೆ ಬರುವ ದಾರಿಯಲ್ಲಿ ಚಿಕ್ಕೋನಿಗೆ ನಗು ಬಂತು. ವೈಂಡಿಂಗ್ ಅಂಗಡಿಯ ಮನೆಯಲ್ಲಿ ಮೋಟಾರು ಕೆಟ್ಟರೆ ವಾರಗಟ್ಟಲೆ ಕಾಯುವವರುಂಟೇ?

ಅವನು ಕೆಲಸದ ಹಲಗೆಯನ್ನು ಅಣ್ಣನ ಕುರ್ಚಿಯ ಮುಂದೆಯೇ ತಂದಿಟ್ಟ. ಅಣ್ಣ ನೋಡಲಿ ಎಂಬ ಆಸೆ. ಮೋಟಾರಿನ ಮುಚ್ಚಿದ ಮೈಯನ್ನು ಸಣ್ಣ ಗರಗಸದಿಂದ ಕೊಯ್ದು ಬಿಡಿಸಿದ. ಸುಟ್ಟ ಕಾಯಿಲ್ ತೆಗೆದ. ಕೂದಲಿನಂಥ ತಂತಿಯನ್ನು ಒಂದರ ಪಕ್ಕಕ್ಕೊಂದು, ಸುತ್ತಿನ ಮೇಲೆ ಸುತ್ತು ಕೂರಿಸುತ್ತ ಹೋದ. ಇಷ್ಟು ವರ್ಷ ನೋಡಿದ ಅಣ್ಣನ ಬೆರಳು ತನ್ನ ಬೆರಳೊಳಗೇ ಬಂದು ಕೂತಂತಿತ್ತು. ಅಣ್ಣ ಕುರ್ಚಿಯಲ್ಲಿ ಮುಂದೆ ಬಾಗಿದ. ಗಂಟಲಲ್ಲಿ ಆ ಸದ್ದು ಮಾಡಿದ.

"ಹೂಂ ಅಣ್ಣ, ನೋಡು, ಸರಿಯಾಗಿ ಬರ್ತಿದೆಯಾ?" ಎಂದ ಚಿಕ್ಕೋನು.

ಅಣ್ಣ ಮತ್ತೆ ಸದ್ದು ಮಾಡಿದ. ಅಡುಗೆಮನೆಯಿಂದ ಅತ್ತಿಗೆ, "ಏನಂತೆ?" ಎಂದು ಕೂಗಿದಳು.

"ಕೆಲಸ ನೋಡ್ತಿದ್ದಾನೆ ಅತ್ತಿಗೆ. ಖುಷಿಯಾಗಿದೆ."

ಕೊಯ್ದ ಮೈಯನ್ನು ಜೋಡಿಸಿ, ಸುತ್ತ ಗಟ್ಟಿ ಅಂಟು ತುಂಬಿ, ಆರಲು ಹಲಗೆಯ ಮೇಲಿಟ್ಟ. ಅಂಟು ಆರಿ ಕಲ್ಲಾದ ಮೇಲೆ ಬಂದು ನೋಡಿದರೆ ಹಲಗೆ ಖಾಲಿ. ಮೋಟಾರು ಅಣ್ಣನ ಮಡಿಲಲ್ಲಿತ್ತು. ಎಡಗೈಯಿಂದ ಅದನ್ನು ಹೇಗೋ ಎಳೆದುಕೊಂಡು, ಹೊಟ್ಟೆಗೆ ಒತ್ತಿ ಹಿಡಿದುಕೊಂಡಿದ್ದ. ಚಿಕ್ಕೋನ ಎದೆ ತುಂಬಿ ಬಂತು. ತಾನು ಮಾಡಿದ ಕೆಲಸವನ್ನು ಅಣ್ಣ ಕೈಗೆ ತೆಗೆದುಕೊಂಡು ನೋಡಿದ್ದು ಅದೇ ಮೊದಲು. "ಕೊಡಣ್ಣ, ಹೂವು ಕಾಯ್ತಿದೆ," ಎಂದು ಆ ಬೆರಳುಗಳನ್ನು ಒಂದೊಂದಾಗಿ, ಮೆಲ್ಲಗೆ ಬಿಡಿಸಿದ. ಬೆರಳುಗಳು ಸುಲಭವಾಗಿ ಬಿಡಲಿಲ್ಲ. ಚಿಕ್ಕೋನು ಅದನ್ನೂ ಪ್ರೀತಿ ಎಂದುಕೊಂಡ.

ಮೋಟಾರು ಓಡಿತು. ನೀರು ತಿರುಗಿತು. ಅವತ್ತು ಸಂಜೆ ಅಣ್ಣ ಒಂದು ತುತ್ತೂ ತಿನ್ನಲಿಲ್ಲ. ಆಯಾಸವಾಗಿರಬೇಕು ಎಂದುಕೊಂಡರು.

ಮೊದಲು ಬಾಡಿದ್ದು ಎಡಗಡೆಯ ಹೂವು. ಬೆರಳುಗಳು ದಿನದಿಂದ ದಿನಕ್ಕೆ ಮೊಟಕಾದವು, ಬಣ್ಣ ಬಿಳುಚಿಕೊಂಡಿತು. ದೊಡ್ಡ ಮೀನು ತಂದುಕೊಟ್ಟ ತುಣುಕು ಹೂವಿನ ಬಾಯಿಂದ ಜಾರಿ ಮರಳಿಗೆ ಬೀಳುತ್ತಿತ್ತು. ಮೀನು ಅದನ್ನೇ ಮತ್ತೆ ಎತ್ತಿ ತಂದು ಇಡುತ್ತಿತ್ತು, ಅದು ಮತ್ತೆ ಬೀಳುತ್ತಿತ್ತು. ಚಿಕ್ಕೋನು ನೀರು ಬದಲಿಸಿದ, ಉಪ್ಪು ಅಳೆದ, ದೀಪ ಸರಿಸಿದ. ಒಂದು ಬೆಳಿಗ್ಗೆ ಹೂವು ಕಲ್ಲಿನ ಹಿಡಿತ ಬಿಟ್ಟು, ಒದ್ದೆ ಬಟ್ಟೆಯ ಮುದ್ದೆಯಂತೆ ತೇಲುತ್ತಿತ್ತು. ಮುಟ್ಟಿದರೆ ಕೊಳೆತ ವಾಸನೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೂತಿದ್ದ.

ಚಿಕ್ಕೋನು ಮಹಡಿ ಮೆಟ್ಟಿಲು ಹತ್ತಿ ಮೀನಿನ ಅಂಗಡಿಗೆ ಓಡಿದ. ಅಂಗಡಿಯವನು ಎಲ್ಲ ಕೇಳಿಸಿಕೊಂಡು, "ಮೀನು ಹೇಗಿವೆ?" ಎಂದ.

"ಮೀನು ಚೆನ್ನಾಗೇ ಇವೆ."

"ಮೀನು ಚೆನ್ನಾಗಿ, ಹೂವು ಮಾತ್ರ ಸತ್ತಿದೆ ಅಂದ್ರೆ... ತಾಮ್ರ ಏನಾದ್ರೂ ನೀರಿಗೆ ಸೇರ್ತಾ ನೋಡಿ. ಅದಕ್ಕೆ ತಾಮ್ರ ಅಂದ್ರೆ ವಿಷ. ನಿಮ್ಮಣ್ಣಂಗೆ ಮೊದಲ ದಿನವೇ ಹೇಳಿದ್ದೆ, ನಿಮ್ಮ ಕಸುಬೇ ತಾಮ್ರದ್ದು, ಕೈ ತೊಳೀದೆ ಮುಟ್ಟಬೇಡಿ ಅಂತ."

ಕೊಯ್ದು ಅಂಟು ಹಾಕಿದ ಮೋಟಾರು ಚಿಕ್ಕೋನಿಗೆ ನೆನಪಾಯಿತು. ದಡಬಡನೆ ಮೆಟ್ಟಿಲಿಳಿದ. ಮನೆಗೆ ಬಂದು ಮೋಟಾರನ್ನು ನೀರಿಂದ ತೆಗೆದು ಅಂಗಡಿಯ ದೀಪದ ಕೆಳಗೆ ಹಿಡಿದ. ವೈರು ಹೊರಬರುವ ಜಾಗದಲ್ಲಿ, ಅಂಟಿನ ಅಂಚಿನ ಸುತ್ತ, ಹಸಿರಾದ ಒಂದು ಗೆರೆ. ಕಿಲುಬು. ಹುಟ್ಟಿದಾಗಿನಿಂದ ನೋಡಿದ ಬಣ್ಣ ಅದು, ಗುರುತು ಹಿಡಿಯಲು ಯಾರ ಸಹಾಯವೂ ಬೇಕಾಗಲಿಲ್ಲ.

ಆಮೇಲೆ ಮೋಟಾರನ್ನು ಹಿಡಿದುಕೊಂಡು ಅಣ್ಣನ ಮುಂದೆ ಹೋಗಿ ನೆಲದ ಮೇಲೆ ಕೂತ.

"ನೀನು ಬೇಡ ಅಂತಿದ್ದೆ, ಅಲ್ವಾ ಅಣ್ಣ? ಅವತ್ತು ಮಡಿಲಲ್ಲಿಟ್ಟುಕೊಂಡಿದ್ದು ಅದಕ್ಕೇ."

ಅಣ್ಣ ಎಡಗೈ ಚಾಚಿದ. ಚಿಕ್ಕೋನು ಮೋಟಾರನ್ನು ಆ ಕೈಗೆ ಕೊಡದೆ, ಮೊದಲು ಅಂಟನ್ನು ಒಡೆದು ಕಾಯಿಲನ್ನು ಹೊರತೆಗೆದು ಕೊಟ್ಟ. ಅಣ್ಣ ಹೆಬ್ಬೆರಳಿನ ಉಗುರನ್ನು ಸುತ್ತುಗಳ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಎಳೆದ. ಗಿರಾಕಿಯ ಮೋಟಾರಾದರೂ ಅವನು ಹಾಗೆಯೇ ನೋಡುತ್ತಿದ್ದ. ಸುತ್ತು ಏರುಪೇರಾಗಿದ್ದರೆ ಉಗುರು ತಡೆಯುತ್ತದೆ. ಎಲ್ಲಿಯೂ ತಡೆಯಲಿಲ್ಲ. ಅವನು ತಮ್ಮನ ಮುಖ ನೋಡಿದ. ಆಮೇಲೆ ತಮ್ಮನ ಕೈಲಿದ್ದ ಮೋಟಾರಿನ ಮೈಯಲ್ಲಿ ವೈರು ಹೊರಬರುವ ಜಾಗದ ಮೇಲೆ ಬೆರಳಿಟ್ಟು, ಅಲ್ಲಿಯೇ ಒತ್ತಿ ಹಿಡಿದ. ತಪ್ಪು ಅಲ್ಲಿತ್ತು, ನೀರು ಒಳಗೆ ನುಗ್ಗಿದ್ದು ಅಲ್ಲಿಂದಲೇ. ಸುತ್ತಿದ್ದು ಸರಿಯಾಗಿತ್ತು.

ಇಷ್ಟು ವರ್ಷ ಕಾದಿದ್ದ ಮಾತು ಅದೇ. ಅದು ಬಂದ ರೀತಿಗೆ ಚಿಕ್ಕೋನು ಅಣ್ಣನ ಮೊಣಕಾಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಅತ್ತಿಗೆ ಬಾಗಿಲಿಗೆ ಬಂದು ನೋಡಿ, ಹಾಗೆಯೇ ಹಿಂದೆ ಸರಿದಳು.

ತಾಮ್ರ ಒಮ್ಮೆ ಸೇರಿದರೆ ಮರಳಿಗೆ, ಕಲ್ಲಿಗೆ ಅಂಟಿಕೊಳ್ಳುತ್ತದೆ, ನೀರು ಎಷ್ಟು ಸಲ ಬದಲಿಸಿದರೂ ಆ ತೊಟ್ಟಿಯಲ್ಲಿ ಇನ್ನು ಹೂವು ಬದುಕುವುದಿಲ್ಲ ಎಂದ ಅಂಗಡಿಯವನು. ಉಳಿದ ಹೂವನ್ನೂ ಐದು ಮೀನುಗಳನ್ನೂ ತನ್ನ ತೊಟ್ಟಿಗೆ ಒಯ್ದು ಇಟ್ಟುಕೊಳ್ಳುತ್ತೇನೆ, ಬದುಕಿದರೆ ನಿಮ್ಮ ಪುಣ್ಯ ಎಂದ. ಚಿಕ್ಕೋನು ಅವನ್ನೆಲ್ಲ ಬಕೆಟ್ಟಿನಲ್ಲಿ ಹೊತ್ತು ಮೆಟ್ಟಿಲು ಹತ್ತಿದ. ಕಡಿದಾದ, ಕಿರಿದಾದ ಮೆಟ್ಟಿಲು. ಅಣ್ಣನನ್ನು ಅಲ್ಲಿಗೆ ಕರೆದೊಯ್ಯುವ ಮಾತೇ ಇರಲಿಲ್ಲ.

ಅಣ್ಣ ಮತ್ತೆ ಗೋಡೆಯ ಕಡೆ ತಿರುಗಿದ. ಅತ್ತಿಗೆ ಚಮಚ ಹಿಡಿದು ಕೂತು ಕೂತು ಸೋತಳು. ಅಣ್ಣನ ಕೆನ್ನೆಯ ಮೂಳೆ ಎದ್ದು ಕಾಣತೊಡಗಿತು.

"ಏನಾದ್ರೂ ಮಾಡು ಚಿಕ್ಕೋನೇ. ನನ್ನ ಮಾತು ಅವ್ರು ಯಾವತ್ತು ಕೇಳಿದ್ರು, ಈಗ ಕೇಳೋಕೆ?" ಎಂದಳು. ನಗಿಸಲೆಂದು ಆಡಿದ ಮಾತು. ಅವಳ ದನಿಯೇ ಒಡೆದು ಹೋಯಿತು.

ಚಿಕ್ಕೋನಿಗೆ ಬೇರೆ ದಾರಿ ತೋಚಲಿಲ್ಲ. ಮೀನಿನ ಅಂಗಡಿಗೆ ಹೋಗಿ ಕಣ್ಣರಳಿಸಿ ನೋಡಿ ಬಂದ. ಹಾಸಿಗೆಯ ಪಕ್ಕ ಕೂತು ಹೇಳತೊಡಗಿದ. ಆ ಮನೆಯಲ್ಲಿ ಯಾರಿಗೂ ಯಾರೂ ಹೀಗೆ ಬಿಡಿಸಿ ಹೇಳಿದ್ದಿಲ್ಲ. ಮೊದಮೊದಲು ನಾಲಿಗೆ ತೊಡರಿತು. "ದೊಡ್ಡದು ಇದೆಯಲ್ಲ ಅಣ್ಣ, ಅದು ಹೂವಿನ ಮೇಲೇ ಇದೆ. ಅಲ್ಲಿ ಆಗಲೇ ಒಂದು ನೀಲಿ ಮೀನಿದೆ. ಅದರ ಮೇಲೆ ಜಗಳಕ್ಕೆ ಹೋಗಿ ಅಟ್ಟಾಡಿಸ್ತಿದೆ. ಅಂಗಡಿಯವನ ಬೆರಳನ್ನೇ ಕಚ್ಚಿತಂತೆ."

"ಅವನು ಇವರಿಗೆ ಮೀನು ಮಾರಿದ ದಿನವೇ ಕಚ್ಚಬೇಕಿತ್ತು," ಎಂದಳು ಅತ್ತಿಗೆ.

ಅಣ್ಣ ತಲೆ ಹೊರಳಿಸಿದ. ಎಡಗೈ ಎತ್ತಿ ಐದೂ ಬೆರಳನ್ನು ಅಗಲವಾಗಿ ಬಿಡಿಸಿದ. ಚಿಕ್ಕೋನು ಒಂದು ಗಳಿಗೆ ನೋಡಿ ಅರ್ಥಮಾಡಿಕೊಂಡ.

"ಹೂವಾ? ಬಿರಿದಿದೆ ಅಣ್ಣ. ಇನ್ನೂ ಬಿಳಿಚಿದೆ, ಆದ್ರೂ ಬಿರಿದಿದೆ."

ಅಣ್ಣ ಬಾಯಿ ತೆರೆದ.

ಹಾಗೆ ಚಳಿಗಾಲ ಕಳೆಯಿತು. ಚಿಕ್ಕೋನು ಹೇಳುತ್ತಿದ್ದ, ಅತ್ತಿಗೆ ಉಣಿಸುತ್ತಿದ್ದಳು, ಊಟದ ನಡುವೆ ಒಮ್ಮೆ ಅಣ್ಣ ಬೆರಳು ಬಿಡಿಸಿ ಕೇಳುತ್ತಿದ್ದ. ಬರಿದಾದ ತೊಟ್ಟಿಯ ಮೇಲೆ ಅತ್ತಿಗೆ ಒಂದು ಬಟ್ಟೆ ಹೊದಿಸಿದಳು.

ಹೂವು ಮಾತ್ರ ಪೂರ್ತಿ ಚೇತರಿಸಲಿಲ್ಲ. ಸ್ವಲ್ಪ ಚಿಗುರಿದಂತೆ ಕಂಡು ಮತ್ತೆ ಕುಗ್ಗಿತು. ಒಂದು ದಿನ ಚಿಕ್ಕೋನು ಹೋದಾಗ ಅಂಗಡಿಯವನು ಬಾಗಿಲಲ್ಲೇ ನಿಂತಿದ್ದ. "ತೆಗೆದುಬಿಟ್ಟೆ ಸ್ವಾಮಿ. ಇಟ್ಟಿದ್ರೆ ಮಿಕ್ಕಿದ್ದೂ ಹಾಳಾಗ್ತಿತ್ತು," ಎಂದ. ಚಿಕ್ಕೋನು ಒಳಗೆ ಹೋಗಿ ನೋಡಿದ. ಐದು ಮೀನುಗಳು ಹೂವು ಅಂಟಿಕೊಂಡಿದ್ದ ಕಲ್ಲಿನ ಮೇಲೆ, ಒಂದಕ್ಕೊಂದು ಒತ್ತಿಕೊಂಡು, ಅತ್ತಿತ್ತ ಹೋಗದೆ ನಿಂತಿದ್ದವು.

ಮನೆಗೆ ಬಂದು ಅತ್ತಿಗೆಗೆ ಹೇಳಿದ. ಅವಳು ತಟ್ಟೆಗೆ ಊಟ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು.

"ಹೇಳ್ಬೇಡ. ಇದೆ ಅಂತಲೇ ಹೇಳು. ಅವ್ರೇನು ಹೋಗಿ ನೋಡ್ತಾರಾ?"

"ಹೇಗೆ ಅತ್ತಿಗೆ..."

"ಹೇಗೆ ಅಂದ್ರೆ? ನಿನ್ನೆ ಹೇಳಿದ್ದನ್ನೇ ಇವತ್ತೂ ಹೇಳು. ಒಂದು ಸುಳ್ಳಿಗೆ ಒಂದು ಊಟ. ನನಗೆ ಅಷ್ಟು ಸಾಕು ಕಣಪ್ಪ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಚಿಕ್ಕೋನು ಹಾಗೆಯೇ ಮಾಡುವುದೆಂದು ಗಟ್ಟಿ ಮಾಡಿಕೊಂಡು ಹಾಸಿಗೆಯ ಪಕ್ಕ ಕೂತ. ದೊಡ್ಡದರ ವಿಷಯ ಹೇಳಿದ. ನೀಲಿ ಮೀನಿನ ವಿಷಯ ಹೇಳಿದ. ಅಣ್ಣ ಎರಡು ಚಮಚ ತಿಂದ. ಆಮೇಲೆ ಕೈಯೆತ್ತಿ ಬೆರಳು ಬಿಡಿಸಿದ.

ಚಿಕ್ಕೋನು ಬಾಯಿ ತೆರೆದ. ಅತ್ತಿಗೆ ಚಮಚವನ್ನು ತಟ್ಟೆಯ ಅಂಚಿಗೆ ಆನಿಸಿ ಹಿಡಿದಿದ್ದಳು. ಅಣ್ಣನ ಕಣ್ಣು ತಮ್ಮನ ಮುಖದ ಮೇಲೆಯೇ ಇತ್ತು. ಒಬ್ಬರಿಗೊಬ್ಬರು ಹೇಳದೆ ಉಳಿಸಿಕೊಂಡದ್ದರಿಂದಲೇ ಇಷ್ಟೆಲ್ಲ ಆದದ್ದು ಎಂಬುದು ಚಿಕ್ಕೋನಿಗೆ ಆ ಹೊತ್ತಿನಲ್ಲಿ ಹೊಳೆಯಿತು.

"ಹೋಯ್ತು ಅಣ್ಣ," ಎಂದ. "ಹೂವು ಹೋಯ್ತು. ಇವತ್ತು ಬೆಳಿಗ್ಗೆ."

ಅತ್ತಿಗೆ ಕಣ್ಣು ಮುಚ್ಚಿಕೊಂಡಳು. ಅಣ್ಣನ ಬೆರಳುಗಳು ಒಂದೊಂದಾಗಿ ಮಡಿಚಿಕೊಂಡವು. ಕೈ ಕೆಳಗಿಳಿದು ಹೊದಿಕೆಯ ಮೇಲೆ ಬಿತ್ತು. ಅವನ ಮುಖದ ಒಂದೇ ಭಾಗ ಅಳಬಲ್ಲದು, ಆ ಭಾಗ ಅತ್ತಿತು. ಇನ್ನೊಂದು ಭಾಗ ಏನೂ ತಿಳಿಯದಂತೆ ಸುಮ್ಮನೆ ಇತ್ತು. ಇನ್ನು ಇವನು ಗೋಡೆಯ ಕಡೆ ತಿರುಗುತ್ತಾನೆ ಎಂದು ಇಬ್ಬರೂ ಕಾದರು.

ಅಣ್ಣ ತಿರುಗಲಿಲ್ಲ. ಎಡಗೈಯಿಂದ ತಮ್ಮನ ಮೊಣಕೈ ಹುಡುಕಿ ಹಿಡಿದು ಸ್ವಲ್ಪ ಅಲುಗಿಸಿದ. ಮುಂದೆ ಹೇಳು ಎಂಬಂತಿತ್ತು. ಚಿಕ್ಕೋನು ಒರಟಾಗಿ ಮೂಗು ಒರೆಸಿಕೊಂಡು, ಐದೂ ಮೀನು ಕಲ್ಲಿನ ಮೇಲೆ ಹೇಗೆ ನಿಂತಿದ್ದವು, ಯಾವುದು ಯಾವುದರ ಪಕ್ಕ ಇತ್ತು, ಅಂಗಡಿಯವನು ಏನೆಂದ ಎಂದು ಹೇಳತೊಡಗಿದ. ಅಣ್ಣ ಬಾಯಿ ತೆರೆದ. ಅತ್ತಿಗೆ ಒಂದು ಚಮಚ ಇಟ್ಟು, ಅವನ ಕೆನ್ನೆಯ ಕಣ್ಣೀರನ್ನೂ ಬಾಯಂಚಿನ ಅಗುಳನ್ನೂ ಒಂದೇ ಬಟ್ಟೆಯಲ್ಲಿ ಒರೆಸಿ, ಇನ್ನೊಂದು ಚಮಚ ಇಟ್ಟಳು. ತಟ್ಟೆ ಖಾಲಿಯಾಗುವವರೆಗೂ ಚಿಕ್ಕೋನು ಮಾತು ನಿಲ್ಲಿಸಲಿಲ್ಲ.